ಮನೆ ರಿಪೇರಿ ಪ್ರಶ್ನೋತ್ತರ: ಯಾವ ಕೀಲಿಗೆ ಯಾವ ಎಣ್ಣೆ?

ಪ್ರಶ್ನೆ: ನಮ್ಮ ಅತ್ತೆಯವರ ಕಾಲದ, ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕೆ ಮೊದಲಿನಿಂದಲೂ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದೇವೆ. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಚಕ್ರ ತಿರುಗಿಸುವುದೇ ಕಷ್ಟ. ಹೊಸ ಯಂತ್ರ ಕೊಳ್ಳಬೇಕೆ?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಖಂಡಿತ ಬೇಡ ತಾಯಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮೂರಿನ ಡಿಸೆಂಬರ್ ರಾತ್ರಿಗಳು 15–16 ಡಿಗ್ರಿಗೆ ಇಳಿಯುತ್ತವೆ. ಬಚ್ಚಲುಮನೆಯ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗುವ ಎಣ್ಣೆ ಯಂತ್ರದ ಒಳಗೆ ಮಾತ್ರ ನೀರಾಗಿಯೇ ಇರುತ್ತದೆಯೇ? ಅದಕ್ಕೆ ಬಟ್ಟೆಯ ನವಿರು ನೂಲು, ಧೂಳು ಬೇರೆ ಸೇರಿ ಅಂಟಾಗಿರುತ್ತದೆ.

ಮೊದಲು ಸೂಜಿ, ಬಾಬಿನ್ ತೆಗೆದಿಡಿ. ಎಣ್ಣೆ ಬಿಡುವ ತೂತುಗಳಿಗೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಹಾಕಿ, ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಕಂದು ಬಣ್ಣದ ಜಿಡ್ಡು ಕೆಳಗಿಳಿಯುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಒರೆಸುತ್ತಾ ಹೋಗಿ. ಒಲೆ, ದೀಪ ಹತ್ತಿರವಿರಬಾರದು. ಜಿಡ್ಡು ಬರುವುದು ನಿಂತ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನೇ, ಒಂದೊಂದು ತೂತಿಗೆ ಒಂದೊಂದೇ ಹನಿ ಬಿಡಿ. ತೆಳುವಾದ ಈ ಖನಿಜ ತೈಲ ನಮ್ಮ ಚಳಿಗೆ ಜಗ್ಗುವುದಿಲ್ಲ. ಚಕ್ರದ ಚರ್ಮದ ಬೆಲ್ಟಿಗೆ ಮಾತ್ರ ಎಣ್ಣೆ ಸೋಕಬಾರದು, ಜಾರುತ್ತದೆ. ಕೊನೆಗೆ ಚಿಂದಿ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದುಬಿಡಿ, ಹೆಚ್ಚಿನ ಎಣ್ಣೆ ಅದಕ್ಕೇ ಹೋಗಲಿ. ಇಲ್ಲದಿದ್ದರೆ ಹಬ್ಬದ ರವಿಕೆಗೇ ಕಲೆ!

ಪ್ರಶ್ನೆ: ಬಾಗಿಲ ಬೀಗ ಬಿಗಿಯಾದಾಗಲೆಲ್ಲ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯುತ್ತೇನೆ. ಸ್ವಲ್ಪ ದಿನ ಸರಿ, ಮತ್ತೆ ಅದೇ ಕಥೆ.
– ಓದುಗರು, ವಿಜಯನಗರ

ಉತ್ತರ: 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ಹಿಡಿದುಕೊಂಡ ಬೋಲ್ಟ್ ಸಡಿಲಿಸಲು ಒಳ್ಳೆಯದು. ಆದರೆ ಅದರ ಬಹುಪಾಲು ಆವಿಯಾಗಿ, ಉಳಿದ ತೆಳು ಎಣ್ಣೆಗೆ ರಸ್ತೆಯ ಧೂಳು ಅಂಟಿಕೊಳ್ಳುತ್ತದೆ. ಬೀಗಕ್ಕೆ ಒಣ ಗ್ರಾಫೈಟ್ ಪುಡಿ ಹಾಕಿ, ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ ನೋಡಿ. ಒಳಗಿನ ಎಣ್ಣೆ ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು, ಎರಡೂ ಬೆರೆತರೆ ಕೆಸರು. ಗೇಟು ತಿರುಗುವ ಕೀಲುಗಳಿಗಾದರೆ (ಹಿಂಜ್) ಗ್ರೀಸ್ ಸಾಕು.

ಪ್ರಶ್ನೆ: ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದ ಜಾಗದಲ್ಲಿ ಅಮೃತಶಿಲೆಯ ನೆಲ ಮಂಕಾಗಿದೆ. ಯಾವ ಪಾಲಿಶ್ ಹಚ್ಚಲಿ?
– ನಿವೃತ್ತ ಶಿಕ್ಷಕಿ, ಜಯನಗರ

ಉತ್ತರ: ಬಾಟಲಿಯಲ್ಲಿ ಬರುವ ಯಾವ ಮೇಣವೂ ಇದಕ್ಕೆ ಮದ್ದಲ್ಲ. ಹುಣಸೆಯ ಹುಳಿ ದೀಪದ ಕಿಲುಬನ್ನು ತಿಂದಂತೆ ನೆಲದ ಸುಣ್ಣವನ್ನೂ ತಿಂದಿದೆ. ಮೇಲ್ಮೈ ಸವೆದಿರುವುದರಿಂದ ಕಲ್ಲು ಪಾಲಿಶ್ ಮಾಡುವವರನ್ನು ಕರೆಸಿ ಮೆಷಿನ್ ಹಾಕಿಸಬೇಕು. ಆ ಜಾಗವನ್ನಷ್ಟೇ ಮಾಡುತ್ತಾರೆಯೇ ಎಂದು ಮೊದಲೇ ಮಾತನಾಡಿಕೊಳ್ಳಿ, ಇಡೀ ಹಾಲ್‌ಗೆ ಲೆಕ್ಕ ಹಾಕಿಬಿಡುತ್ತಾರೆ. ಮುಂದೆ ದೀಪಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ಉಜ್ಜಿ, ಹುಳಿ ಉಳಿಯದಂತೆ ತೊಳೆದು ತಕ್ಷಣ ಒರೆಸಿ. ಮೆರುಗೆಣ್ಣೆ ಬಳಿದ ಅಲಂಕಾರದ ಹಿತ್ತಾಳೆ ಸಾಮಾನಿಗೆ ಹುಣಸೆಯೂ ಬೇಡ, ಬ್ರಾಸೋದಂಥ ಲೋಹದ ಪಾಲಿಶ್ ಕೂಡ ಬೇಡ. ಒದ್ದೆ ಬಟ್ಟೆ ಸಾಕು.