ಅನ್ನ ಬಿಟ್ಟು ಮುದ್ದೆ ಉಂಡರೂ ಅಪ್ಪನ ಸಕ್ಕರೆ ಇಳಿಯುತ್ತಿಲ್ಲ, ಏಕೆ?

ನಿಮ್ಮ ತಂದೆಗೆ 58 ವರ್ಷ, ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಆರು ತಿಂಗಳಿಂದ ಅನ್ನ ಮುಟ್ಟಿಲ್ಲ, ಬೆಳಿಗ್ಗೆ ರಾಗಿಗಂಜಿ, ಎರಡು ಹೊತ್ತೂ ಮುದ್ದೆ. ಆದರೂ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯ ಅಂಕಿ, 8.4 ಇದ್ದದ್ದು 8.3ಕ್ಕೆ ಬಂದು ನಿಂತಿದೆ. ಪಥ್ಯದಿಂದಲೇ ಗುಣವಾಗುವುದಾದರೆ ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಾನು ವೈದ್ಯೆಯಲ್ಲ. ಒಂಬತ್ತು ವರ್ಷದಿಂದ ಈ ಕಾಯಿಲೆಯೊಡನೆ ಬಾಳುತ್ತಿರುವ, ನಾಗಮಂಗಲದ ಕಡೆಯ ಹೆಂಗಸು.

ನಮ್ಮ ಕಡೆ ಯಾರಿಗಾದರೂ ಶುಗರ್ ಬಂತೆಂದರೆ ನೆಂಟರಿಷ್ಟರೆಲ್ಲ ಹೇಳುವುದು ಒಂದೇ ಮಾತು: ಅನ್ನ ಬಿಡು, ಮುದ್ದೆ ಉಣ್ಣು. ನಾನೂ ಹಾಗೆಯೇ ಮಾಡಿದೆ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಅಲ್ಲಿಯೇ ಇತ್ತು. ಅಷ್ಟು ನಿಷ್ಠೆಯಿಂದ ಪಥ್ಯ ಮಾಡಿದವಳಿಗೆ ಅಳುವೇ ಬಂದಿತ್ತು. ನಿಮ್ಮ ತಂದೆಯವರಿಗೂ ಈಗ ಹಾಗೆಯೇ ಆಗಿರಬೇಕು. ಅವರು ಕದ್ದು ಏನೋ ತಿನ್ನುತ್ತಿದ್ದಾರೆ ಎಂದು ದಯವಿಟ್ಟು ಅನುಮಾನಿಸಬೇಡಿ.

ಒಂದು ದಿನ ಎಸರಿಗೆ ಹಿಟ್ಟು ಹಾಕುವ ಮೊದಲು ಅದನ್ನು ತಕ್ಕಡಿಯ ಮೇಲಿಟ್ಟು ನೋಡಿದೆ. ನನ್ನೊಬ್ಬಳ ಒಂದು ಮುದ್ದೆಗೆ 110 ಗ್ರಾಂ ಹಿಟ್ಟು ಹೋಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 78 ಗ್ರಾಂ. ವ್ಯತ್ಯಾಸ ಇಷ್ಟೇ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ: ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಆದ್ದರಿಂದ ರಾಗಿ ಒಳ್ಳೆಯದೆಂಬ ಮಾತು ಸುಳ್ಳಲ್ಲ. ಆದರೆ ಒಂದು ಬಟ್ಟಲು ಅನ್ನ ಉಣ್ಣುತ್ತಿದ್ದವರು ಅದನ್ನು ಬಿಟ್ಟು ತೆಂಗಿನಕಾಯಿ ಗಾತ್ರದ ಮುದ್ದೆ ಉಂಡರೆ ರಕ್ತಕ್ಕೆ ಸೇರುವ ಸಕ್ಕರೆ ಹೇಗೆ ಕಡಿಮೆಯಾದೀತು? ಸಾಲದ್ದಕ್ಕೆ ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತೆಂದು ಗೊತ್ತಾಗುವ ಹೊತ್ತಿಗೆ ತಟ್ಟೆ ಬರಿದಾಗಿರುತ್ತದೆ. ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಮನೆಯಲ್ಲಿ ಒಂದರಿ ಹಿಡಿದು ತೌಡು ತೆಗೆದರೆ ಇದ್ದ ನಾರಿನಲ್ಲಿಯೂ ಒಂದು ಪಾಲು ಹೋಯಿತು. ಗಂಜಿಯಂತೂ ಇನ್ನೂ ಬೇಗ ಅರಗುತ್ತದೆ. ನಿಮ್ಮ ಮನೆಯಲ್ಲಿ ಮೊದಲು ಬದಲಾಗಬೇಕಾದದ್ದು ಆ ಬೆಳಗಿನ ಗಂಜಿ ಎಂದೇ ನನಗನಿಸುತ್ತದೆ. ಅದರ ಬದಲು ಮೊಳಕೆ ಹೆಸರುಕಾಳಿನ ಉಸಲಿಯನ್ನೋ, ಸೊಪ್ಪು ಹಾಕಿದ ಎರಡು ಹೆಸರುಬೇಳೆ ದೋಸೆಯನ್ನೋ ಕೊಟ್ಟು ನೋಡಿ.

ನನಗೆ ದಾರಿ ತೋರಿಸಿದ್ದು ಗ್ಲುಕೋಮೀಟರ್ ಮತ್ತು ನಮ್ಮೂರಿನ ಬಸ್ಸಾರು. ಊಟದ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ರಕ್ತ ಪರೀಕ್ಷಿಸಿಕೊಳ್ಳುತ್ತಿದ್ದೆ. ದಿನವೂ ಬೇಕಾಗಿಲ್ಲ, ಸ್ಟ್ರಿಪ್‌ಗಳಿಗೆ ದುಡ್ಡಾಗುತ್ತದೆ. ವಾರಕ್ಕೆ ಎರಡು ಸಲ ಸಾಕು. ಮಾಮೂಲಿನ ದೊಡ್ಡ ಮುದ್ದೆ, ಬರೀ ಸಾರು ಉಂಡ ದಿನ 256 ಬಂತು. ಇನ್ನೊಂದು ದಿನ 60 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆ ಕಟ್ಟಿದೆ. ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಂಡು ಸಾರು ಮಾಡಿದೆ. ಬಸಿದು ಉಳಿದ ಸೊಪ್ಪುಕಾಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಒಂದು ದೊಡ್ಡ ಬಟ್ಟಲಿನಷ್ಟು ಪಲ್ಯವನ್ನು ಮೊದಲು ತಿಂದೆ, ಮುದ್ದೆಗೆ ಆಮೇಲೆ ಕೈ ಹಾಕಿದೆ. ಉಂಡ ಬಳಿಕ ಹದಿನೈದು ನಿಮಿಷ ಬೀದಿಯಲ್ಲಿ ಓಡಾಡಿದೆ. ಆ ದಿನ 171. ಅದೇ ರಾಗಿ, ಅದೇ ಒಲೆ. ತಟ್ಟೆಯ ಅಂಚಿನಲ್ಲಿದ್ದ ಪಲ್ಯ ನಡುವಿಗೆ ಬಂದಿತ್ತು, ನಡುವಿನ ಮುದ್ದೆ ಅಂಚಿಗೆ ಸರಿದಿತ್ತು. ಸೊಪ್ಪು, ತರಕಾರಿ, ಕಾಳುಗಳನ್ನು ಮೊದಲು ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ ಎಂಬುದು ಸಂಶೋಧನೆಗಳಲ್ಲಿಯೂ ಕಂಡುಬಂದಿದೆ. ಮೊಟ್ಟೆ, ಮೀನು, ಕೋಳಿ ತಿನ್ನುವ ಮನೆಯಾದರೆ ಅವೂ ಆಗಬಹುದು. ತಂದೆಯವರ ಮೂತ್ರಪಿಂಡಕ್ಕೇನಾದರೂ ತೊಂದರೆ ಇದ್ದರೆ ಮಾತ್ರ ಕಾಳು, ಮಾಂಸದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಿ.

ಇನ್ನು ಮಾತ್ರೆಯ ವಿಷಯ. ಮೂರನೆಯ ವರ್ಷದ ಶಿವರಾತ್ರಿ ನನಗೆ ಇಂದಿಗೂ ನೆನಪಿದೆ. ನಾನು ಗ್ಲಿಮೆಪಿರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಮಾತ್ರೆ ನುಂಗಿ ಉಪವಾಸ ಕುಳಿತೆ. ಸಂಜೆ ದೀಪ ಹಚ್ಚಲು ಹೋದಾಗ ಕಡ್ಡಿ ಗೀರಲು ಬೆರಳು ನಿಲ್ಲಲಿಲ್ಲ. ಕುತ್ತಿಗೆಯೆಲ್ಲ ತಣ್ಣನೆಯ ಬೆವರು, ಸೊಸೆ ಮಾತನಾಡಿಸಿದರೆ ಉತ್ತರ ಹೊಳೆಯುತ್ತಿಲ್ಲ. ಅವಳು ಬೆರಳು ಚುಚ್ಚಿ ನೋಡಿದಾಗ 54. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದಳು. 70ಕ್ಕಿಂತ ಮೇಲೆ ಬಂದ ಮೇಲೆ ಊಟ ಹಾಕಿದಳು. ಆ ಹುಡುಗಿಗೆ ಇಷ್ಟು ತಿಳಿದಿದ್ದರಿಂದ ನಾನು ಉಳಿದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸಿ ಔಷಧಿಯನ್ನು ಹಾಗೆಯೇ ಮುಂದುವರಿಸಿದರೆ ಸಕ್ಕರೆ ಕುಸಿಯಬಹುದು. ಹಾಗೆಂದು ಹೇಳದೆ ಕೇಳದೆ ಮಾತ್ರೆ ಬಿಟ್ಟರೆ ಸಕ್ಕರೆ ಸದ್ದಿಲ್ಲದೆ ಏರಿ ಕಣ್ಣು, ಪಾದ, ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಆದ್ದರಿಂದ ತಟ್ಟೆ ಬದಲಿಸುವ ಮೊದಲೇ ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಕಾಣಿ.

ಮಾತ್ರೆ ಇಲ್ಲದೆ ಬಾಳುವವರೇ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಕಾಣಿಸಿಕೊಂಡು ಆರು ವರ್ಷದೊಳಗಿದ್ದ, ಮೈತೂಕ ಹೆಚ್ಚಿದ್ದ ಜನರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರವನ್ನಷ್ಟೇ ಕೊಟ್ಟರು. ಒಂದು ವರ್ಷದ ಬಳಿಕ ಅವರಲ್ಲಿ ಶೇ 46ರಷ್ಟು ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಎರಡನೆಯ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ಹೆಚ್ಚು ತೂಕ ಇಳಿಸಿದವರಿಗೆ ಹೆಚ್ಚು ಫಲ ಸಿಕ್ಕಿತ್ತು. ನಿಮ್ಮ ತಂದೆಗೆ ಇನ್ನೂ ನಾಲ್ಕೇ ವರ್ಷ, ಹೊಟ್ಟೆಯ ಸುತ್ತ ಬೊಜ್ಜಿದ್ದರೆ ಆಸೆ ಇಟ್ಟುಕೊಳ್ಳಬಹುದು. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ ನಡೆದ ಪ್ರಯೋಗ, ಮನೆಯಲ್ಲಿ ನಾವೇ ಮಾಡಿಕೊಳ್ಳುವ ಉಪವಾಸವಲ್ಲ.

ಬೆಲ್ಲ, ಜೇನುತುಪ್ಪ ಸಕ್ಕರೆಗಿಂತ ಮೇಲೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ನವಣೆ, ಸಾಮೆಗಳಿಗೂ ರಾಗಿಯ ಲೆಕ್ಕವೇ. ಹಾಗಲಕಾಯಿ ಪಲ್ಯವಾಗಿ ಬಲು ರುಚಿ, ಆದರೆ ಅದು ಮಾತ್ರೆಗೆ ಬದಲಿಯಲ್ಲ.

ಇನ್ನೊಂದು ಮಾತು, ಮಗಳ ವಯಸ್ಸಿನವರೋ ಮಗನ ವಯಸ್ಸಿನವರೋ ಎಂದುಕೊಂಡು ಹೇಳುತ್ತಿದ್ದೇನೆ. ತಂದೆಗೆ ಬೇರೆ, ಮನೆಯವರಿಗೆ ಬೇರೆ ಎಂದು ಅಡುಗೆ ಮಾಡಬೇಡಿ. ಹೊಲ ಗದ್ದೆ ಮಾಡಿ ಬದುಕಿದ ಗಂಡಸಿನ ಮುಂದಿನ ಮುದ್ದೆಯನ್ನು ಅರ್ಧ ಮಾಡಿದರೆ ಅವರಿಗದು ಅವಮಾನವೆನಿಸುತ್ತದೆ. ಎಲ್ಲರ ತಟ್ಟೆಯಲ್ಲೂ ಅದೇ ಪುಟ್ಟ ಮುದ್ದೆ, ಅದೇ ದೊಡ್ಡ ಬಟ್ಟಲು ಪಲ್ಯ ಇರಲಿ. ಗ್ಲುಕೋಮೀಟರನ್ನು ಅವರ ಕೈಗೇ ಕೊಡಿ, ಅಂಕಿಯನ್ನು ಅವರೇ ಬರೆದುಕೊಳ್ಳಲಿ: ಏನು ಉಂಡೆ, ಎಷ್ಟು ಉಂಡೆ, ಎರಡು ಗಂಟೆಯ ಮೇಲೆ ಎಷ್ಟಿತ್ತು. ಊಟದ ನಂತರದ್ದು 180ರೊಳಗೆ, ಎಚ್‌ಬಿಎ1ಸಿ 7ರ ಒಳಗೆ ಇರಬೇಕೆಂಬುದು ಸಾಮಾನ್ಯವಾಗಿ ಹೇಳುವ ಗುರಿ. ಅವರಿಗೆ ಎಷ್ಟಿರಬೇಕೆಂದು ವೈದ್ಯರು ಹೇಳುತ್ತಾರೆ. ಮೂರು ತಿಂಗಳಾದ ಮೇಲೆ ಆ ಪುಸ್ತಕವನ್ನೂ ಹೊಸ ವರದಿಯನ್ನೂ ಒಯ್ದು ವೈದ್ಯರ ಮೇಜಿನ ಮೇಲಿಡಿ. ಮಾತ್ರೆ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಆ ದಿನ ನಿಮ್ಮ ತಂದೆಯೇ ಕೇಳಲಿ.