ಓದುಗರ ಪ್ರಶ್ನೆ: ಆರನೇ ಬೆರಳು, ನಾಟಿ ಮೊಟ್ಟೆ, ಐದನೇ ದಿನದ ಭ್ರೂಣ

ಪ್ರಶ್ನೆ: ನಮ್ಮ ಮಾವನವರಿಗೂ ಯಜಮಾನರಿಗೂ ಎರಡೂ ಕೈಯಲ್ಲಿ ಆರಾರು ಬೆರಳು. ಈಗ ಹುಟ್ಟಿದ ಮಗುವಿಗೂ ಹೆಬ್ಬೆರಳಿನ ಮಗ್ಗುಲಲ್ಲಿ ಇನ್ನೊಂದು ಬೆರಳಿದೆ. ಗ್ರಹಣದ ದಿನ ನಾನು ಹೊರಗೆ ಬಂದಿದ್ದೇ ಕಾರಣ ಅಂತಾರೆ ಮನೆಯಲ್ಲಿ. ಎಕ್ಸೋಮ್ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲವೆಂದು ವರದಿ ಬಂತು. ಹಾಗಾದರೆ ಇದು ವಂಶದಿಂದ ಬಂದದ್ದಲ್ಲವೇ?
– ಓದುಗರು, ಸಿರುಗುಪ್ಪ

ಉತ್ತರ: ವಂಶದಿಂದಲೇ ಬಂದದ್ದು, ಅದೂ ಗಂಡನ ಕಡೆಯಿಂದ. ಮಾವನವರ ಕೈ ಕಣ್ಣೆದುರೇ ಇರುವಾಗ ಗ್ರಹಣವನ್ನು ಎಳೆದು ತರುವುದೇಕೋ! ವರದಿಯೂ ಸುಳ್ಳಲ್ಲ. ಮನುಷ್ಯನ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್ಎ ಬರಹದಲ್ಲಿ, ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಕೆಯ ಸೂಚನೆ ಇರುವುದು ಅದರಲ್ಲಿ ನೂರಕ್ಕೆ ಒಂದೆರಡು ಪಾಲಿನಲ್ಲಿ. ಎಕ್ಸೋಮ್ ಪರೀಕ್ಷೆ ಮುಖ್ಯವಾಗಿ ಓದುವುದು ಅಷ್ಟನ್ನೇ. ಹೆಬ್ಬೆರಳಿನ ಕಡೆಯ ಹೆಚ್ಚಿನ ಬೆರಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದ್ದರೆ ಜೀನ್ ಸರಿಯಾಗಿಯೇ ಇದ್ದು, ಅದು ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂದು ನಿಯಂತ್ರಿಸುವ ತುಣುಕಿನಲ್ಲಿ ವ್ಯತ್ಯಾಸವಾಗಿರುವುದುಂಟು.

ಆ ತುಣುಕಿನ ಹೆಸರು ಝಡ್‌ಆರ್‌ಎಸ್. ಏಳನೇ ಕ್ರೋಮೋಸೋಮಿನಲ್ಲಿದೆ, ಉದ್ದ ಸುಮಾರು 800 ಅಕ್ಷರ. ಅದು ನಿಯಂತ್ರಿಸುವ ‘ಸಾನಿಕ್ ಹೆಡ್ಜ್‌ಹಾಗ್’ ಜೀನ್ ಅಲ್ಲಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಾಚೆ ಇದೆ. ತುಣುಕು ಕೂತಿರುವುದು ಮಾತ್ರ ಸಂಬಂಧವೇ ಇಲ್ಲದ ಇನ್ನೊಂದು ಜೀನಿನ ಒಳಗೆ. ಹಾಗಿದ್ದರೂ ಅದು ಸಿಕ್ಕಿದ್ದು ಹೇಗೆ? ಮನುಷ್ಯ, ಇಲಿ, ಕೋಳಿ, ಮೀನುಗಳ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಪ್ರೋಟೀನಿಗೆ ಸಂಬಂಧಿಸದ ಈ ಜಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ತರಹ ಉಳಿದುಬಂದದ್ದು ಕಂಡಿತು. ಗರ್ಭಧಾರಣೆಯ ನಂತರ ನಾಲ್ಕನೇ ವಾರದ ಕೊನೆಯಲ್ಲಿ ಭ್ರೂಣಕ್ಕೆ ಕೈಮೊಗ್ಗು ಮೂಡುತ್ತದೆ. ಅದರ ಕಿರುಬೆರಳಿನ ಅಂಚಿನಲ್ಲಿ ಮಾತ್ರ ಈ ಜೀನ್ ಕೆಲಸ ಮಾಡಬೇಕು. ಝಡ್‌ಆರ್‌ಎಸ್‌ನ ಒಂದೇ ಒಂದು ಅಕ್ಷರ ಬದಲಾದರೂ ಹೆಬ್ಬೆರಳಿನ ಅಂಚಿನಲ್ಲೂ ಅದು ಕೆಲಸ ಶುರುಮಾಡಬಹುದು, ಅಲ್ಲೊಂದು ಬೆರಳು ಹೆಚ್ಚಾಗಿ ಬೆಳೆಯುತ್ತದೆ. ಹಾವುಗಳಲ್ಲಿ ಇದೇ ತುಣುಕು ಸವೆದುಹೋಗಿದೆ. ಹಾವಿನ ತುಣುಕನ್ನು ಇಲಿಗೆ ಹಾಕಿ ನೋಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು: ಆ ಇಲಿಗಳ ಕಾಲುಗಳು ಮೊಟಕಾಗಿಯೇ ಉಳಿದವು.

ಖಚಿತಪಡಿಸಿಕೊಳ್ಳಬೇಕೆಂದಿದ್ದರೆ ತಳಿವಿಜ್ಞಾನದ ವೈದ್ಯರ ಬಳಿ ಝಡ್‌ಆರ್‌ಎಸ್ ಭಾಗವನ್ನಷ್ಟೇ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್ ಬಗ್ಗೆ ಕೇಳಿ. ಇಡೀ ತುಣುಕೇ ಎರಡೆರಡು ಸಲ ಬಂದಿದ್ದರೆ ಸ್ಯಾಂಗರ್‌ನಲ್ಲಿ ಅದು ತಿಳಿಯದೆ ಹೋಗಬಹುದು. ಆಗ ತುಣುಕುಗಳ ಪ್ರತಿ ಎಷ್ಟಿವೆಯೆಂದು ನೋಡುವ ಮೈಕ್ರೋಅರೇ ಅಥವಾ ಪೂರ್ತಿ ಜೀನೋಮ್ ಪರೀಕ್ಷೆ ಬೇಕು. ಮಗು, ತಂದೆ, ಅಜ್ಜ ಮತ್ತು ಐದೇ ಬೆರಳಿರುವ ಒಬ್ಬ ರಕ್ತಸಂಬಂಧಿ, ಇಷ್ಟು ಜನರ 2–3 ಮಿ.ಲೀ. ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೊಡಿ. ಹಸಿರು ಮುಚ್ಚಳದ ಟ್ಯೂಬಿನಲ್ಲಿರುವ ಹೆಪಾರಿನ್, ಡಿಎನ್ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಿಮಾಡುತ್ತದೆ. ಮುಂದಿನ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಚ್ಚಿನ ಬೆರಳಿಗೆ ದಾರ ಕಟ್ಟಿ ಉದುರಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ, ಒಳಗೆ ಎಲುಬು, ರಕ್ತನಾಳ ಇರುತ್ತವೆ. ಎಕ್ಸ್‌ರೇ ತೆಗೆಸಿ, ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಬಗ್ಗೆ ತೀರ್ಮಾನಿಸುವುದು ರೂಢಿ.

ಪ್ರಶ್ನೆ: ಪದವಿ ತರಗತಿಗೆ ಕೋಳಿಭ್ರೂಣದ ಪ್ರಾಯೋಗಿಕ ಇಟ್ಟರೆ ಏಪ್ರಿಲ್‌ನಲ್ಲಿ ಹೆಚ್ಚಿನ ಮೊಟ್ಟೆಗಳು ಕೆಡುತ್ತವೆ. ಏನು ಮಾಡಬೇಕು? ಇದನ್ನೇ ಜೀನೋಮಿಕ್ಸ್ ಪಾಠಕ್ಕೆ ಜೋಡಿಸಬಹುದೇ?
– ಉಪನ್ಯಾಸಕರು, ಗಂಗಾವತಿ

ಉತ್ತರ: ಅಂಗಡಿಯ ಫಾರಂ ಮೊಟ್ಟೆ ಆಗುವುದಿಲ್ಲ, ಆ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಹುಂಜ ಬಿಟ್ಟು ಸಾಕಿದ ನಾಟಿ ಕೋಳಿಯ ಮೊಟ್ಟೆ ಇಲ್ಲವೇ ಹ್ಯಾಚರಿಗೆ ಹೋಗುವ ಮೊಟ್ಟೆ ತನ್ನಿ. ನಿಮ್ಮ ಕಡೆಯ ಬಿಸಿಲಲ್ಲಿ ಮೊಟ್ಟೆ ಕೆಡುವುದು ಹೆಚ್ಚಾಗಿ ಇನ್‌ಕ್ಯುಬೇಟರಿಗೆ ಇಡುವ ಮೊದಲೇ. ಮೊಟ್ಟೆ ಇಡುವ ಹೊತ್ತಿಗಾಗಲೇ ಭ್ರೂಣದಲ್ಲಿ ಹತ್ತಾರು ಸಾವಿರ ಕೋಶಗಳಿರುತ್ತವೆ. ಕೋಣೆಯ ಬಿಸಿ 27 ಡಿಗ್ರಿ ದಾಟಿತೆಂದರೆ ಬೆಳವಣಿಗೆ ಅರೆಬರೆ ಶುರುವಾಗಿ, ಹದ ತಪ್ಪಿ, ಭ್ರೂಣ ಸಾಯುತ್ತದೆ. 15–18 ಡಿಗ್ರಿಯಲ್ಲಿಡಿ, ಒಂದು ವಾರದೊಳಗೆ ಬಳಸಿ. ಫ್ರಿಜ್ಜಿನ 4 ಡಿಗ್ರಿ ತೀರಾ ತಂಪು.

ಇನ್‌ಕ್ಯುಬೇಟರಿನಲ್ಲಿ 37.5–38 ಡಿಗ್ರಿ ಬಿಸಿ, ನೂರಕ್ಕೆ 55–60ರಷ್ಟು ತೇವಾಂಶ ಇರಲಿ. ಮೊಟ್ಟೆಯನ್ನು ಅಡ್ಡ ಮಲಗಿಸಿ, ಮೇಲ್ಮೈಗೆ ಪೆನ್ಸಿಲ್ ಗುರುತು ಹಾಕಿ. 33ರಿಂದ 38 ಗಂಟೆಯೊಳಗೆ ಹತ್ತು ಜೋಡಿ ಸೋಮೈಟುಗಳು (ಮುಂದೆ ಬೆನ್ನೆಲುಬು, ಸ್ನಾಯು ಆಗುವ ಗಂಟುಗಳು) ಕಾಣುತ್ತವೆ. ಸರಿಸುಮಾರು ಒಂದೂವರೆ ಗಂಟೆಗೊಂದು ಜೋಡಿ ಸೇರುತ್ತ ಹೋಗುತ್ತದೆ. ತೆರೆಯುವ ಮೊದಲು ಮೊಂಡು ತುದಿಯಿಂದ ಸಿರಿಂಜಿನಲ್ಲಿ 2–3 ಮಿ.ಲೀ. ಬಿಳಿಲೋಳೆ ಎಳೆದುಬಿಡಿ, ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಇದನ್ನು ಬಿಟ್ಟು ನೇರ ಕತ್ತರಿಸಿದರೆ ಕತ್ತರಿಯ ತುದಿ ಭ್ರೂಣಕ್ಕೇ ತಾಗುತ್ತದೆ. ತೊಳೆಯಲು ಲೀಟರಿಗೆ 7.2 ಗ್ರಾಂ ಉಪ್ಪು ಹಾಕಿದ ಬೆಚ್ಚಗಿನ ನೀರು ಸಾಕು.

ಜೀನೋಮಿಕ್ಸ್‌ಗೆ ಸೀಕ್ವೆನ್ಸಿಂಗ್ ಯಂತ್ರವೇ ಬೇಕೆಂದಿಲ್ಲ. ಕೋಳಿಯ ಜೀನೋಮ್ 2004ರಲ್ಲೇ ಪ್ರಕಟವಾಗಿದೆ, ಎನ್ಸೆಂಬಲ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೋಳಿ, ಮನುಷ್ಯ ಎರಡರಲ್ಲೂ ದೇಹದ ಯಾವ ಭಾಗ ಏನಾಗಬೇಕೆಂದು ತೀರ್ಮಾನಿಸುವ ‘ಹಾಕ್ಸ್ ಎ’ ಜೀನುಗಳ ಗುಂಪನ್ನು ತೆರೆಸಿ, ಜೀನುಗಳ ಸಾಲನ್ನು ಬರೆಸಿ. ಕ್ರೋಮೋಸೋಮಿನಲ್ಲಿ ಅವು ಕೂತಿರುವ ಸಾಲು ಯಾವುದೋ, ತಲೆಯಿಂದ ಬಾಲದವರೆಗೆ ಅವು ಕೆಲಸ ಮಾಡುವ ಸಾಲೂ ಅದೇ. ಕೋಳಿಗೆ ಕುತ್ತಿಗೆಯ ಎಲುಬು 14, ಇಲಿಗೆ 7. ಹಾಗಿದ್ದರೂ ಇದೇ ಕುಟುಂಬದ ‘ಹಾಕ್ಸ್ ಸಿ 6’ ಜೀನ್ ಕೆಲಸ ಶುರುಮಾಡುವ ಗಡಿ ಎರಡರಲ್ಲೂ ಕುತ್ತಿಗೆ ಮುಗಿದು ಎದೆ ಶುರುವಾಗುವಲ್ಲೇ ಬೀಳುತ್ತದೆ. ಹುಡುಗರು ಸೋಮೈಟು ಎಣಿಸಿದ ಮರುದಿನವೇ ಈ ಪಾಠ ಮಾಡಿ.

ಪ್ರಶ್ನೆ: ಐವಿಎಫ್ ಭ್ರೂಣದ ಜೀನ್ ಪರೀಕ್ಷೆಯನ್ನು ಮೂರನೇ ದಿನ ಬಿಟ್ಟು ಐದನೇ ದಿನ ಮಾಡುವುದೇಕೆ? ಫಲಿತಾಂಶ ನೂರಕ್ಕೆ ನೂರು ಸರಿಯೇ?
– ಓದುಗರು, ಮಾನ್ವಿ

ಉತ್ತರ: ಮೂರನೇ ದಿನ ಭ್ರೂಣದಲ್ಲಿ ಎಂಟು ಕೋಶ ಇದ್ದರೆ ಹೆಚ್ಚು, ಒಂದನ್ನು ತೆಗೆದರೂ ಪೆಟ್ಟು. ಅಲ್ಲಿಯವರೆಗೆ ಅದು ನಡೆದಿರುವುದೂ ಬಹುಪಾಲು ತಾಯಿಯ ಅಂಡದಲ್ಲಿ ಕೂಡಿಟ್ಟ, ಜೀನ್ ಸೂಚನೆಗಳ ನಕಲಾದ ಆರ್‌ಎನ್‌ಎ ಬಲದಲ್ಲಿ. ನಾಲ್ಕರಿಂದ ಎಂಟು ಕೋಶದ ಹಂತದಲ್ಲಷ್ಟೇ ಭ್ರೂಣದ ಸ್ವಂತ ಜೀನೋಮ್ ಜೋರಾಗಿ ಕೆಲಸಕ್ಕಿಳಿಯುತ್ತದೆ. ಎಷ್ಟೋ ಭ್ರೂಣಗಳು ಅಲ್ಲೇ ನಿಂತುಬಿಡುತ್ತವೆ. ಐದನೇ ದಿನಕ್ಕೆ ನೂರರ ಆಸುಪಾಸು ಕೋಶಗಳಿರುತ್ತವೆ, ಹೊರಪದರದಿಂದ ಐದರಿಂದ ಹತ್ತು ತೆಗೆಯಬಹುದು.

ನೂರಕ್ಕೆ ನೂರು ಅಲ್ಲ. ಆ ಹೊರಪದರ ಮುಂದೆ ಮಾಸು ಆಗುತ್ತದೆ, ಮಗುವಾಗುವುದು ಒಳಗಿನ ಗುಂಪು. ಎರಡರ ಕ್ರೋಮೋಸೋಮುಗಳು ಒಮ್ಮೊಮ್ಮೆ ಹೊಂದುವುದಿಲ್ಲ. ಒಂದು ಕೋಶದಲ್ಲಿರುವ ಡಿಎನ್‌ಎ ಸುಮಾರು 6 ಪಿಕೋಗ್ರಾಂ (ಗ್ರಾಮಿನ ಲಕ್ಷ ಕೋಟಿಯಲ್ಲಿ ಆರು ಪಾಲು) ಮಾತ್ರ. ಅದನ್ನು ನಕಲು ಮಾಡಿ ಹೆಚ್ಚಿಸುವಾಗ ತಂದೆಯದೋ ತಾಯಿಯದೋ ಪ್ರತಿ ತಪ್ಪಿಹೋಗುವುದುಂಟು. ಅದಕ್ಕೇ ಗರ್ಭ ನಿಂತ ಮೇಲೆ 16ನೇ ವಾರದ ನಂತರ ಗರ್ಭಜಲದ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಿ ಎನ್ನುತ್ತಾರೆ. ಇದೇ ಪರೀಕ್ಷೆಯಲ್ಲಿ ಗಂಡೋ ಹೆಣ್ಣೋ ಹೇಳುತ್ತಾರಾ ಎಂದೂ ಕೇಳಿದ್ದೀರಿ. ಹೇಳುವಂತಿಲ್ಲ, 1994ರ ಕಾಯ್ದೆಯ ಪ್ರಕಾರ ಅಪರಾಧ.