ವಿಜಯಪುರ ಸೆಷನ್ಸ್ ಕೋರ್ಟಿನ 7 ವರ್ಷದ ಶಿಕ್ಷೆಗೆ ಅಪೀಲು ಎಲ್ಲಿ, ಹೇಗೆ?

ನೀವು ಬರೆದದ್ದು ಇಷ್ಟು: 2022ರಲ್ಲಿ ಇಂಡಿ ಹತ್ತಿರ ಹೊಲದ ಬದುವಿನ ಜಗಳದಲ್ಲಿ ನಿಮ್ಮ ಅಣ್ಣ ಬಡಿಗೆಯಿಂದ ಒಂದು ಏಟು ಹೊಡೆದರು, ಎದುರಿನವರು ತೀರಿಕೊಂಡರು. ಸೆಷನ್ಸ್ ಕೋರ್ಟು ಇದು ಕೊಲೆ ಅಲ್ಲ ಎಂದು ಹೇಳಿ ಐಪಿಸಿ 304ರ (ಕೊಲೆ ಎನಿಸದ ಮಾನವ ಹತ್ಯೆ) ಎರಡನೇ ಭಾಗದಲ್ಲಿ 7 ವರ್ಷ ಕೊಟ್ಟಿದೆ. ಅಥಣಿಯ ಮಾವ ಧಾರವಾಡಕ್ಕೆ ಹೋಗಿ ಅಂತಿದ್ದಾರೆ.

ಧಾರವಾಡ ಅಲ್ಲ. ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ. ವಿಜಯಪುರದ ಕೇಸು ಕಲಬುರಗಿ ಪೀಠಕ್ಕೆ ಹೋಗುತ್ತದೆ. ಮಾವ ಅವರ ಜಿಲ್ಲೆಯ ಲೆಕ್ಕ ಹೇಳಿದ್ದಾರೆ, ಅಷ್ಟೇ.

ಗಡುವು 60 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಈ 60ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಕ್ಷೆಯಾದವರಿಗೆ ಒಂದು ನಕಲು ಪುಕ್ಕಟೆ. ಅಪೀಲು ಹಾಕಿದ ಮಾತ್ರಕ್ಕೆ ಅಣ್ಣ ಹೊರಗೆ ಬರುವುದಿಲ್ಲ, ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನು ಕೊಡಿ ಎಂಬ ಅರ್ಜಿ ಹಾಕಿಸಿ. ಇಷ್ಟೇ ವರ್ಷ ಅಂತ ಇರುವ ಶಿಕ್ಷೆಯಲ್ಲಿ ಇಂಥ ಅರ್ಜಿಯನ್ನು ಉದಾರವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಶಿಕ್ಷೆ ಕಮ್ಮಿ ಮಾಡಿ ಅಂದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಖುಲಾಸೆ ಮಾಡಿ, ಇಲ್ಲದಿದ್ದರೆ ಶಿಕ್ಷೆ ಇಳಿಸಿ ಎಂದು ಒಂದೇ ಅಪೀಲಿನಲ್ಲಿ ಕೇಳುತ್ತೇವೆ. ಬರೀ ಖುಲಾಸೆಗೇ ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಈ ಕಲಮಿನಲ್ಲಿ 10 ವರ್ಷ ಗರಿಷ್ಠ, ಕನಿಷ್ಠ ಅಂತ ಇಲ್ಲವೇ ಇಲ್ಲ. ಹೊಡೆದರೆ ಸಾಯಬಹುದು ಎಂಬ ಅರಿವು ಇತ್ತು ಅನ್ನುವುದರ ಮೇಲೆ ಎರಡನೇ ಭಾಗ ನಿಂತಿದೆ. ಹಾಗಾಗಿ ಪೋಸ್ಟ್‌ಮಾರ್ಟಂ ವರದಿ, ಡಾಕ್ಟರ ಪಾಟೀಸವಾಲು ಚೆನ್ನಾಗಿ ಓದುವ ವಕೀಲರು ಬೇಕು. ಏಟು ತಲೆಗೋ ಕಾಲಿಗೋ? ಬಡಿಗೆ ಮನೆಯಿಂದ ತಂದದ್ದೋ, ಅಲ್ಲೇ ಬಿದ್ದಿದ್ದೋ? ಆ ಅರಿವು ಸಾಬೀತಾಗದಿದ್ದರೆ ಅಪರಾಧ ಭಾರಿ ಗಾಯಕ್ಕೆ, ಅಂದರೆ 325ಕ್ಕೆ ಇಳಿಯಬಹುದು. ಎದುರಿನವರೇ ಮೊದಲು ಮಾರಕವಾಗಿ ಮೇಲೆ ಬಿದ್ದಿದ್ದರೆ ಆತ್ಮರಕ್ಷಣೆಯ ವಾದವೂ ಉಂಟು. ಆದರೆ ಇದೆಲ್ಲ ಕೆಳಗಿನ ಕೋರ್ಟಿನ ದಾಖಲೆಯಲ್ಲಿ ಇರಬೇಕು. ಊರವರು ಈಗ ಬಂದು ಸಾಕ್ಷಿ ಹೇಳುತ್ತೇವೆ ಅಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ವಿಚಾರಣೆ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳು ಶಿಕ್ಷೆಯಲ್ಲಿ ವಜಾ ಆಗುತ್ತವೆ.

ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿ ಆಗುತ್ತದೆ ಅಂತ ಯಾರೋ ಸುಮ್ನೆ ಹೆದರಿಸಿದ್ದಾರೆ. ನಿಮ್ಮ ಅಪೀಲಿನಲ್ಲಿ ಹೆಚ್ಚಿಸುವಂತಿಲ್ಲ. ಸರ್ಕಾರವೋ ತೀರಿಕೊಂಡವರ ಮನೆಯವರೋ ಬೇರೆ ಅಪೀಲು ಹಾಕಿದರೆ ಮಾತ್ರ ಆ ಭಯ.

ಫೀಸಿಗೆ ಹೊಲ ಮಾರಬೇಡಿ. ಜೈಲಿನಲ್ಲಿ ಇರುವವರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನೇ ಇದೆ. ಅಣ್ಣ ಜೈಲು ಅಧಿಕಾರಿಯ ಮೂಲಕವೂ ಅಪೀಲು ಕಳಿಸಬಹುದು.